ಕೂತಲ್ಲಿ ಕೂರದ ಹುಡುಗಿ, ಅವಳ ಅಜ್ಜಿ ಮತ್ತು ನಾವು

ನಗು ತರಿಸುವ ಪ್ರಸಂಗಗಳು ನಮ್ಮ ಶಾಲೆಯಲ್ಲಿ ವಾರಕ್ಕೊಂದಾದರೂ ನಡೆಯುತ್ತವೆ, ಯಾರೂ ಬರೆದಿಡುವುದಿಲ್ಲ ಅಷ್ಟೆ. ನಾನು ಚನ್ನಪಟ್ಟಣದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರು. ಹೋದ ವರ್ಷದ ಪ್ರಸಂಗಗಳೆಲ್ಲ ಒಬ್ಬಳೇ ಹುಡುಗಿಯ ಸುತ್ತ ನಡೆದವು. ಅವಳ ಅಪ್ಪ ಗೊಂಬೆ ಕೆಲಸದವರು, ಅಮ್ಮ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವುದು ಅಪ್ಪನ ತಾಯಿ. ಹುಡುಗಿ ಜಾಣೆ. ಆದರೆ ಅವಳು ಬೆಂಚಿನ ಮೇಲೆ ಐದು ನಿಮಿಷ ಕೂತಿದ್ದನ್ನು ಕಂಡವರಿಲ್ಲ.

೧. ಸುತ್ತೋಲೆ ಬಂದಿಲ್ಲ

"ಕ್ಲಾಸೇ ಹಾಳಾಗ್ತಿದೆ ಮೇಡಂ, ಟೀಸಿ ಕೊಟ್ಟು ಕಳಿಸೋಣ" ಅಂತ ಹೆಡ್‌ಮಾಸ್ಟರು ಪಟ್ಟು ಹಿಡಿದರು. ನಾನು ಒಂದೆರಡು ತಿಂಗಳು ಟೈಮು ಕೇಳಿ, ಮನೆಯವರನ್ನು ರಾಮನಗರದ ಡಾಕ್ಟರ ಹತ್ತಿರ ಕಳಿಸಿದೆ. ಡಾಕ್ಟರು ನಾಲ್ಕಾರು ಸಲ ಕರೆಸಿ ನೋಡಿ, ಇದು ಎಡಿಎಚ್‌ಡಿ ಅಂದರು. ಸೋಮಾರಿತನವಲ್ಲ, ಕೊಬ್ಬೂ ಅಲ್ಲ, ಮನಸ್ಸು ಒಂದು ಕಡೆ ನಿಲ್ಲೋದೇ ಈ ಮಗುವಿಗೆ ಕಷ್ಟ, ಬೈದರೆ ಹೊಡೆದರೆ ಹೋಗೋದಿಲ್ಲ ಅಂತ ತಿಳಿಸಿ ಹೇಳಿ ಚೀಟಿಯನ್ನೂ ಬರೆದುಕೊಟ್ಟರು.

ಚೀಟಿಯನ್ನು ಹೆಡ್‌ಮಾಸ್ಟರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಎಡಿಎಚ್‌ಡಿ. ಇದು ಯಾವ ಸ್ಕೀಮು? ಸುತ್ತೋಲೆ ಬಂದಿಲ್ವಲ್ಲ."

"ಸ್ಕೀಮಲ್ಲ ಸಾರ್, ನಮ್ಮ ಆ ಹುಡುಗಿಗೆ ಇರೋದು."

ಅವರು ಯೋಚನೆಗೆ ಬಿದ್ದರು. "ಅವಳೊಬ್ಬಳಿಗೇ ಕೊಟ್ರೆ ಬೇರೆ ಪೋಷಕರು ಗಲಾಟೆ ಮಾಡ್ತಾರೆ ಮೇಡಂ. ಒಂದು ಶಾಲೆಗೆ ಎಷ್ಟು ಜನಕ್ಕೆ ಕೊಡ್ತಾರೆ, ಕೇಳಿ."

೨. ಅಜ್ಜಿಯ ಹರಕೆ

ಡಾಕ್ಟರಿಗಿಂತ ಮೊದಲೇ ಅಜ್ಜಿ ದೇವರ ಹತ್ತಿರ ಹೋಗಿ ಬಂದಿದ್ದರಂತೆ. ನನಗೆ ಹೇಳಿದರು:

"ಕೆಂಗಲ್ ಆಂಜನೇಯನ್ ತಾವ್ಕೆ ಓಗಿದ್ದೆ ಕಣವ್ವ. ಮೊಮ್ಮಗಳ್ನ ಕೂತಿದ್ ಕಡೆ ಕೂರಂಗೆ ಮಾಡಪ್ಪ ಅಂತ ಕೈ ಮುಗುದೆ. ಮುಗುದ್ ಮ್ಯಾಕೆ ಗ್ಯಾನ ಬಂತು. ಚಿಕ್ಕೋನಿದ್ದಾಗ ಸೂರ್ಯನ್ನೇ ಅಣ್ಣು ಅನ್ಕಂಡು ಮ್ಯಾಕ್ ಆರ್ದೋನು ಅವ್ನು. ಇದ್ರಾಗೆ ಅವನ್ ಕೈಲೇನಾದದು?"

೩. ಸೀಮೆಸುಣ್ಣ

ಡಾಕ್ಟರು ಹೇಳುವ ಮೊದಲು ನಾನೂ ತಪ್ಪು ಮಾಡುತ್ತಿದ್ದೆ. ಒಂದು ದಿನ ಅವಳಿಗೆ, "ಪುಸ್ತಕ ಮುಚ್ಚಿಡು, ಸ್ಟಾಫ್ ರೂಮಿಂದ ಸೀಮೆಸುಣ್ಣ ತಾ, ಬರ್ತಾ ಬಾಗಿಲು ಹಾಕ್ಕೊಂಡು ಬಾ" ಅಂದೆ. ಇಪ್ಪತ್ತು ನಿಮಿಷ ಬಿಟ್ಟು ಎರಡು ಬದನೆಕಾಯಿ ಹಿಡಿದುಕೊಂಡು ಬಂದಳು. ಅಡುಗೆಯವರು ತರಕಾರಿ ಹೆಚ್ಚುತ್ತಿದ್ದರಂತೆ, ಇವಳು ನೋಡುತ್ತಾ ನಿಂತಿದ್ದಳಂತೆ. ಏನು ಬೇಕು ಅಂತ ಅವರು ಕೇಳಿದಾಗ, ನಮ್ ಮಿಸ್ ಏನೋ ತರಕ್ ಹೇಳವ್ರೆ ಅಂದಳಂತೆ.

ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅದನ್ನು ಅವಳ ಬಾಯಲ್ಲೇ ಹೇಳಿಸಿ ಅಂತ ಡಾಕ್ಟರು ಕಲಿಸಿದರು. ಮರುವಾರ ಹಾಗೇ ಮಾಡಿದೆ. "ಸೀಮೆಸುಣ್ಣ, ಸೀಮೆಸುಣ್ಣ" ಅಂತ ಜಪ ಮಾಡುತ್ತಾ ಹೊರಟಳು. ಅವತ್ತೇ ಶಾಲೆ ನೋಡಲು ಒಬ್ಬ ಅಧಿಕಾರಿ ಬಂದಿದ್ದರು. ಹಜಾರದಲ್ಲಿ ಅವಳನ್ನು ನಿಲ್ಲಿಸಿ ಮಾತಾಡಿಸಿದರು.

"ನಿನ್ನ ಹೆಸರೇನಮ್ಮ?"

"ಸೀಮೆಸುಣ್ಣ."

"ಅಪ್ಪನ ಹೆಸರು?"

"ಸೀಮೆಸುಣ್ಣ."

"ಇವತ್ತು ಊಟಕ್ಕೆ ಏನು ಕೊಟ್ರು?"

ಅದಕ್ಕೂ ಅದೇ ಉತ್ತರ. ಹೆಡ್‌ಮಾಸ್ಟರು ಅಲ್ಲೇ ಬೆವೆತುಹೋದರು. ಹುಡುಗಿ ಮಾತ್ರ ಸೀಮೆಸುಣ್ಣದ ಡಬ್ಬಿಯನ್ನು ನನ್ನ ಕೈಗಿಟ್ಟು, ವರ್ಷದಲ್ಲಿ ಮೊದಲ ಸಲ ಹೇಳಿದ ಕೆಲಸ ಮುಗಿಸಿ ನಕ್ಕಳು. ನನಗೆ ಕಣ್ಣು ತುಂಬಿ ಬಂತು. ಹೋಗುವಾಗ ಅಧಿಕಾರಿ, "ಆ ಮಗುವಿನ ಗಮನ ನೋಡ್ರಿ, ಏನು ಕೇಳಿದ್ರೂ ಅಲುಗಾಡಲಿಲ್ಲ" ಅಂದರು. ಟೀಸಿ ಮಾತು ಅಲ್ಲಿಗೆ ನಿಂತಿತು.

೪. ಮೂರು ವಿಶಲ್

ಮನೆಯಲ್ಲಿ ಒಂದೇ ಸಮನೆ ಓದಿಸಬೇಡಿ, ಹದಿನೈದು ನಿಮಿಷ ಓದು, ಐದು ನಿಮಿಷ ಆಟ, ಮೊಬೈಲಲ್ಲಿ ಅಲಾರಂ ಇಡಿ ಅಂತ ಅಜ್ಜಿಗೆ ಹೇಳಿಕೊಟ್ಟೆ. ಅಜ್ಜಿಗೆ ಮೊಬೈಲು ಬಗ್ಗಲಿಲ್ಲ. ಒಲೆಯ ಮೇಲೆ ಕುಕ್ಕರಿಟ್ಟು, "ಮೂರ್ ವಿಶಲ್ ಕೂಗೋಗಂಟ ಲೆಕ್ಕ ಮಾಡು, ಆಮ್ಯಾಕೆ ಆಡ್ಕೊ" ಅಂದರು. ಹುಡುಗಿ ಕೂತಳು. ಅಚ್ಚರಿಯೆಂದರೆ ಲೆಕ್ಕವನ್ನೂ ಮಾಡಿದಳು.

ಆದರೆ ಅವರ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಎಡಗಡೆ ಮನೆಯದೊಂದು, ಬಲಗಡೆ ಮನೆಯದೆರಡು ವಿಶಲ್ ಸೇರಿ ಮೂರಾಗಿ, ಒಂದು ಕೂಡುವ ಲೆಕ್ಕ ಮುಗಿಯುವಷ್ಟರಲ್ಲೇ ಹುಡುಗಿ ಎದ್ದು ಬೀದಿಗೆ ಓಡತೊಡಗಿದಳು. ಅಜ್ಜಿ ಮನೆಮನೆಗೆ ಹೋಗಿ, ಸಂಜೆ ಆರರಿಂದ ಏಳರವರೆಗೆ ಯಾರೂ ಕುಕ್ಕರ್ ಇಡಕೂಡದು ಅಂತ ಒಪ್ಪಿಸಿ ಬಂದರು.

ಆಮೇಲೊಂದು ದಿನ ಪಕ್ಕದ ಮನೆಯ ಹೆಂಗಸು ಶಾಲೆಗೇ ಬಂದು ನನ್ನನ್ನು ಕೇಳಿದರು: "ಮಿಸ್, ಆ ಮಗೀಗೆ ಭಾಗಾಕಾರ ಯಾವಾಗ ಮುಗೀತದೆ? ನಮ್ಮನೇಲಿ ಬ್ಯಾಳೆ ಬೇಯಬೇಕು."

೫. ಪೋಷಕರ ಸಭೆ

ವರ್ಷದ ಕೊನೆಯ ಪೋಷಕರ ಸಭೆಯಲ್ಲಿ ಇಂಥ ಮಕ್ಕಳ ಬಗ್ಗೆ ನಾಲ್ಕು ಮಾತಾಡಿದೆ. ಅಜ್ಜಿ ಮುಂದಿನ ಸಾಲಲ್ಲೇ ಕೂತಿದ್ದರು.

"ಹೇಳಿದ್ದನ್ನ ಅರ್ಧಕ್ಕೇ ಮರೀತಾರೆ" ಅಂದೆ.

"ಊಂ" ಅಂದರು ಅಜ್ಜಿ.

"ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕ್ತಾರೆ."

"ಊಂ."

"ವಸ್ತುಗಳನ್ನ ಎಲ್ಲೆಲ್ಲೋ ಬಿಟ್ಟು ಬರ್ತಾರೆ."

"ಅದು ಸರಿಯೇ. ತಾಳೀನೇ ಬಸ್ಸಲ್ಲಿ ಬುಟ್ಬುಟ್ಟು ಬಂದಿದ್ದ."

ಎಲ್ಲರೂ ತಿರುಗಿ ನೋಡಿದರು. "ಯಾರಜ್ಜಿ?" ಅಂದೆ.

"ನನ್ ಮಗ, ಇವಳಪ್ಪ. ಇಲ್ಲೇ ಕೂತವ್ನಲ್ಲ" ಅಂತ ಪಕ್ಕದ ಕುರ್ಚಿ ತೋರಿಸಿದರು. ಕುರ್ಚಿ ಖಾಲಿಯಿತ್ತು.

ಹುಡುಕಿಕೊಂಡು ಹೊರಗೆ ಬಂದೆವು. ಗಾಡಿಗೆ ಬೀಗ ಹಾಕಿ ಬರುತ್ತೇನೆಂದು ಎದ್ದು ಹೋದವರು, ಶಾಲೆಯ ಗೇಟು ಕಿರುಗುಟ್ಟುವುದನ್ನು ಕೇಳಿದ್ದಾರೆ. ಗೇಟನ್ನು ಕಳಚಿ ನೆಲಕ್ಕೆ ಮಲಗಿಸಿದ್ದಾರೆ. ಎಣ್ಣೆ ಕೇಳಲು ಅಡುಗೆಮನೆಗೆ ಹೋಗಿದ್ದಾರೆ. ಅಲ್ಲಿ ಅಡುಗೆಯವರ ಮಣೆಯ ಕಾಲು ಅಲ್ಲಾಡುತ್ತಿತ್ತು. ಈಗ ಮಣೆಯನ್ನು ತಲೆಕೆಳಗು ಮಾಡಿಕೊಂಡು ಕೂತು ಹೊಸ ಕಾಲು ಕೆತ್ತುತ್ತಿದ್ದರು. ಗೇಟಿಲ್ಲದ ದಾರಿಯಲ್ಲಿ ಒಳಬಂದ ಎರಡು ಮೇಕೆ ಹೆಡ್‌ಮಾಸ್ಟರ ಕೋಣೆಯಲ್ಲಿ ಹಾಜರಿ ಪುಸ್ತಕ ಮೇಯುತ್ತಿದ್ದವು. ಗಾಡಿಗೆ ಬೀಗ ಬಿದ್ದಿರಲಿಲ್ಲ.

ಅಜ್ಜಿ ಮಗನ ಹತ್ತಿರ ಹೋಗಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಸೋಮಾರಿ ಅನ್ಕಂಡು ಐದ್ನೇ ಕ್ಲಾಸಿಗೇ ಇಸ್ಕೂಲ್ ಬುಡಿಸ್ದೆ ಕಣವ್ವ. ದಿನಾ ಒಡೀತಿದ್ದೆ" ಅಂದರು. ಸೆರಗಲ್ಲಿ ಕಣ್ಣೊರೆಸಿಕೊಂಡು ಮಗನ ತಲೆಯ ಮೇಲೆ ಕೈಯಿಟ್ಟರು.

"ಲೇ, ಚಿಕ್ಕಂದಲ್ಲಿ ನಿಂಗೆ ಒಡ್ದಿದ್ದ ಏಟೆಲ್ಲ ವಾಪಸ್ ತಗಂಡಿವ್ನಿ ಕಣ್ಲಾ."

ಮಗ ಮಣೆಯಿಂದ ತಲೆಯೆತ್ತಿ ನೋಡಿದರು.

"ಏನವ್ವ ಅಂದೆ? ಕೇಳಿಸ್ಕಳ್ನಿಲ್ಲ."

ಅಜ್ಜಿ ಕೈ ತೆಗೆದರು. ಅವರನ್ನೇ ಒಂದು ಗಳಿಗೆ ನೋಡಿ ಹೇಳಿದರು:

"ಅರ್ಧ ವಾಪಸ್ ತಗಂಡಿವ್ನಿ ಅಂದೆ."