ಜಾವಳದ ದಿನದ ಮೂವತ್ತೊಂಬತ್ತು ಫೋಟೋ

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಬೆಳಕು, ನೆರಳು ಎಂದು ಹತ್ತು ವರ್ಷ ಪಾಠ ಹೇಳಿದವನಿಗೆ ಒಂದು ವರ್ಷದ ಮಗಳ ಫೋಟೋ ತೆಗೆಯುವುದು ಯಾವ ದೊಡ್ಡ ಕೆಲಸ? ಹೀಗೆಂದು ಬನಹಟ್ಟಿಯ ನಮ್ಮ ಪಡಸಾಲೆಯಲ್ಲಿ ನಿಂತು ಘೋಷಿಸಿದೆ.

ಮಗಳು ಕಸ್ತೂರಿಯ ಜಾವಳಕ್ಕೆ, ಅಂದರೆ ಹುಟ್ಟುಗೂದಲು ತೆಗೆಸುವ ಶಾಸ್ತ್ರಕ್ಕೆ, ದಿನ ಗೊತ್ತಾಗಿತ್ತು. ಅವಳ ತಲೆ ತುಂಬ ಗುಂಗುರು ಕೂದಲು. ಅದು ನನ್ನ ಹೆಂಡತಿ ಶಾಂತಾಳ ಅಜ್ಜಿಯ ಕೂದಲಂತೆ. ನಡುವೆ ಎರಡು ತಲೆಮಾರಿನಲ್ಲಿ ಯಾರಿಗೂ ಬಂದಿರಲಿಲ್ಲ. ಬೀಳಗಿಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಅಜ್ಜಿ, "ಬೋಳಿಸೂಕಿಂತ ಮೊದಲ ಒಂದ್ ಫೋಟೋರ ತೋರಸ್ರಿ" ಎಂದು ಹೇಳಿ ಕಳಿಸಿದ್ದಳು. ಜಾವಳಕ್ಕೆ ಮುಂಚೆ ಕೂಸು ಊರು ದಾಟಬಾರದೆಂದು ನಮ್ಮವ್ವನ ಕಾನೂನು. ಹೀಗಾಗಿ ಅಜ್ಜಿಯ ಆಸೆಯೆಲ್ಲ ಫೋಟೋದ ಮೇಲೆ ನಿಂತಿತ್ತು.

"ಸ್ಟುಡಿಯೋಕ್ಕ ಹೋಗಿ ಬರೂಣ್ರಿ," ಎಂದಳು ಶಾಂತಾ.

"ಅಲ್ಲಿ ಕೂಸು ಗೊಂಬಿಗತೆ ಕುಂಡರತೈತಿ. ಸಹಜ ಭಾವ ಬರಾಂಗಿಲ್ಲ," ಎಂದೆ.

ಸಮೀರವಾಡಿಯ ಗೆಳೆಯನ ಕ್ಯಾಮೆರಾ ತಂದೆ. ರೀಲು ತಾನೇ ಹಾಕಿಕೊಡುತ್ತೇನೆ ಎಂದ. ಬೇಡವೆಂದು ನಾನೇ ಹಾಕಿದೆ.

ಜಾವಳದ ಮುಂಜಾನೆ ಕಸ್ತೂರಿಯನ್ನು ಅಂಗಳದ ಹೊರಸಿನ ಮೇಲೆ ಕೂಡಿಸಿದೆವು. ನಾನು ಕಣ್ಣಿಗೆ ಕ್ಯಾಮೆರಾ ಹಿಡಿದದ್ದೇ ತಡ, ಅಳತೊಡಗಿದಳು. ಶಾಂತಾಳ ತಮ್ಮ ಮಹಾದೇವ, ನಾಲ್ಕು ಪವರ್‌ಲೂಮಿನ ಧಣಿ, ಸೋದರಮಾವನ ಹಕ್ಕಿನಿಂದ ಮೊದಲ ಕತ್ತರಿ ಹಾಕಲು ಬಂದಿದ್ದ. ಅವನ ಕೈಗೆ ಗಿಲಗಿಲಿ ಕೊಟ್ಟು ಕುಣಿಯಲು ಹೇಳಿದೆ. ಕುಣಿದ. ಕೂಸು ಹೆದರಿ ಇನ್ನಷ್ಟು ಅತ್ತಿತು. ಬೆಲ್ಲ ಕೊಟ್ಟೆವು. ಮುಖವೆಲ್ಲ ಬೆಲ್ಲ, ಬೆಲ್ಲದ ತುಂಬ ನೊಣ. ಕೊನೆಗೆ ಹೊಸ ಬಿಳಿ ಅಂಗಿಯ ಸಮೇತ ಸಗಣಿ ಸಾರಿಸಿದ ಅಂಗಳದಲ್ಲಿ ಹೊಟ್ಟೆಯ ಮೇಲೆ ತೆವಳಿದೆ. ಆಗ ನಕ್ಕಳು ನೋಡಿ! ಕ್ಲಿಕ್, ಕ್ಲಿಕ್.

"ಮಾಸ್ತರ, ಬಿಸಲ ಏರಾಕತ್ತೈತ್ರಿ," ಎಂದ ಕ್ಷೌರದ ಹಣಮಂತಪ್ಪ.

ನನ್ನ ಬೋಳು ನೆತ್ತಿಯೂ ಅದನ್ನೇ ಹೇಳುತ್ತಿತ್ತು. "ಇನ್ನ ನಾಕ ಫೋಟೋ, ತಡಿ," ಎಂದೆ.

"ಎಷ್ಟ ಆದ್ವುರಿ?" ಶಾಂತಾ ಕೇಳಿದಳು.

"ಮೂವತ್ತೊಂಬತ್ತು."

"ಡಬ್ಬಿ ಮ್ಯಾಲ ಮೂವತ್ತಾರ ಅಂತ ಬರದೈತಲ್ರಿ?"

"ಅದು ಸಾದಾ ಮಂದಿಗೆ. ಕೈ ಪಳಗಿದವರಿಗೆ ನಾಕಾರ ಹೆಚ್ಚಿಗೆ ಬರತಾವು."

ಜಾವಳ ಆಯಿತು. ಕೂದಲನ್ನು ಹೊಳೆಗೆ ಬಿಟ್ಟು ಬಂದೆವು.

ಮರುದಿನ ಸ್ಟುಡಿಯೋದವನು ಕ್ಯಾಮೆರಾದ ಗುಂಡಿಯನ್ನು ಎರಡು ಸುತ್ತು ತಿರುಗಿಸಿ, ನನ್ನ ಮುಖ ನೋಡಿ, ಕತ್ತಲೆ ಕೋಣೆಗೆ ಹೋಗಿ ಬಂದ.

"ಸರ್, ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕೇ ಇಲ್ರಿ, ರೀಲ ಮುಂದ ಸರದೇ ಇಲ್ಲ. ಒಂದೂ ಫೋಟೋ ಬಿದ್ದಿಲ್ಲ. ಆದ್ರ ರೀಲ ಛಲೋ ಐತಿ, ಇನ್ನೊಮ್ಮಿ ಹಾಕಬಹುದು."

ರೀಲು ಇನ್ನೊಮ್ಮೆ ಹಾಕಬಹುದು. ಕೂದಲು?

"ಮುಂಜಾನಿ ತುಂಬಾ ನೂಲ ಹಚ್ಚದ ಲೂಮ್ ಓಡಿಸೀರಲ್ರಿ, ಮಾವಾರ," ಎಂದ ಮನೆಯಲ್ಲಿ ಸುದ್ದಿ ಕೇಳಿದ ಮಹಾದೇವ. ಶಾಂತಾ ಬೈಯಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ವಾರವೇ ಬೀಳಗಿಯ ಬಸ್ಸು ಹತ್ತಿದೆವು. ಕ್ಯಾಮೆರಾ ನನ್ನ ಕೊರಳಲ್ಲಿತ್ತು. ರೀಲನ್ನು ಈ ಸಲ ಸ್ಟುಡಿಯೋದವನೇ ಹಾಕಿಕೊಟ್ಟಿದ್ದ. ಶಾಂತಾ ಅಳುತ್ತಲೇ ಎಲ್ಲ ಹೇಳಿದಳು. ಅಜ್ಜಿ ಕಸ್ತೂರಿಯ ನುಣ್ಣನೆಯ ತಲೆ ಸವರಿದಳು. ಆಮೇಲೆ ನನ್ನ ತಲೆ ನೋಡಿದಳು.

"ಅಳಬ್ಯಾಡ ಶಾಂತವ್ವಾ. ಕೂಸಿನ ಕೂದಲ ಮತ್ತ ಬರತಾವು. ಅವು ಬರೂತನಕ ನಾ ಎಲ್ಲಿಗೂ ಹೋಗಾಂಗಿಲ್ಲ. ನಿನ್ನ ಗಂಡನ ನೆತ್ತಿ ನೋಡು, ಅಲ್ಲಿ ಆ ಆಸೇನೂ ಇಲ್ಲ."

ಶಾಂತಾ ಅಳುವಿನ ನಡುವೆಯೇ ನಕ್ಕುಬಿಟ್ಟಳು. ಅಜ್ಜಿ ನಕ್ಕಳು. ಅದನ್ನು ಕಂಡು ಬೋಳು ಕಸ್ತೂರಿಯೂ ನಕ್ಕಳು. ಮೂವರದೂ ಎಂಥ ಸಹಜ ಭಾವ!

ಕ್ಯಾಮೆರಾ ಕೊರಳಲ್ಲೇ ಇತ್ತು. ನಾನು ಮುಟ್ಟಲಿಲ್ಲ.