ಹಿರಿಯಳಿಯನ ಆಯಸ್ಕಾಂತ

ಹಿರಿಯಳಿಯನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಆದರೆ ಈ ಸಲದ್ದು ಮೇಲ್ದರ್ಜೆಯದು. ಎರಡೆರಡು ಗುಳಿಗೆ ನುಂಗಿದರೂ ಇಳಿಯದೆ, ತಂಬಿಗೆಗಟ್ಟಲೆ ತಣ್ಣೀರು ಕುಡಿದರೂ ಆರದೆ ಎಂಟು ದಿನದಿಂದ ಉರಿಯುತ್ತಲೇ ಇತ್ತು. ಇದಕ್ಕೆಲ್ಲ ಕಾರಣ ಒಂದು ಬೆಳ್ಳಿ ತಟ್ಟೆ.

ಅತ್ತೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅದನ್ನು ತಂದುಕೊಟ್ಟವನು ಷಡ್ಡಕ, ಅಂದರೆ ನಾದಿನಿಯ ಗಂಡ. ಕಸುಬಿನಲ್ಲಿ ಹಲ್ಲಿನ ಡಾಕ್ಟರು. ತನ್ನ ಮೂವತ್ತೆರಡೂ ಹಲ್ಲುಗಳನ್ನು ಪ್ರದರ್ಶಿಸದೆ ಮಾತಾಡಲು ಬಾರದ ಮನುಷ್ಯ. ಕೆಟ್ಟವನಾಗಿದ್ದರೆ ಹಿರಿಯಳಿಯ ಅವನನ್ನು ಎಂದೋ ಕ್ಷಮಿಸಿಬಿಡುತ್ತಿದ್ದ. ಆದರೆ ಆಸಾಮಿ ಒಳ್ಳೆಯವನು. ಅದೇ ಸಹಿಸಲಾಗದ್ದು.

ಬರೀ ತಟ್ಟೆ ಕೊಟ್ಟಿದ್ದರೆ ಹೋಗಲಿ ಅನ್ನಬಹುದಿತ್ತು. ಕುರ್ಚಿಯೂ ಹೋಯಿತು. ಅತ್ತೆಯ ಮನೆಯ ಊಟದ ಮೇಜಿನ ಸುತ್ತ ನಾಲ್ಕೇ ಕುರ್ಚಿಗಳಿವೆ. ಅವುಗಳಲ್ಲಿ ಕೈಯಿರುವುದು ಒಂದಕ್ಕೇ. ಹನ್ನೆರಡು ವರ್ಷದ ಹಿಂದೆ ಹಿರಿಯಳಿಯ ಅತ್ತೆಗೊಂದು ಬೆಳ್ಳಿ ಲೋಟ ಕೊಟ್ಟ ದಿನ ಅವರು "ಇಲ್ಲಿ ಕೂತ್ಕೊಳ್ಳಿ ಅಳಿಯಂದ್ರೇ" ಎಂದು ಆ ಕುರ್ಚಿ ಎಳೆದುಕೊಟ್ಟಿದ್ದರು. ಅಂದಿನಿಂದ ಪ್ರತಿ ಭಾನುವಾರ ಅದು ಅವನ ಸಿಂಹಾಸನ. (ಒಂದು ಕಾಲು ಸ್ವಲ್ಪ ಅಲುಗಾಡುತ್ತಿತ್ತು. ಯಾವ ಸಿಂಹಾಸನ ತಾನೇ ಅಲುಗಾಡುವುದಿಲ್ಲ?) ಹುಟ್ಟುಹಬ್ಬದ ದಿನ ಅತ್ತೆ ತಟ್ಟೆಯಲ್ಲಿ ಮುಖ ನೋಡಿಕೊಂಡು, ಕಣ್ಣೊರೆಸಿಕೊಂಡು, ಅದೇ ಕುರ್ಚಿಯಲ್ಲಿ ಷಡ್ಡಕನನ್ನು ಕೂರಿಸಿದರು. ಹಿರಿಯಳಿಯನಿಗೆ ಸಿಕ್ಕಿದ್ದು ಫ್ರಿಜ್ಜಿನ ಪಕ್ಕದ ಸ್ಟೂಲು.

"ಅದು ಬೆಳ್ಳಿಯೇ ಅಲ್ಲ," ಎಂದು ಅವನು ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಘೋಷಿಸಿದ.

"ಶುರುವಾಯ್ತಾ?" ಎಂದಳು ಹೆಂಡತಿ.

"ಇಪ್ಪತ್ತು ವರ್ಷದಿಂದ ಪ್ಲೇಟಿಂಗ್ ಕೆಲಸದಲ್ಲಿದ್ದೀನಿ ಕಣೇ. ನಲ್ಲಿಗೆ, ಸೈಕಲ್ ಹ್ಯಾಂಡಲ್ಲಿಗೆ, ಬಾಗಿಲ ಚಿಲಕಕ್ಕೆ ಹೊಳಪು ಹಾಕೋನೇ ನಾನು. ಒಳಗೆ ಕಬ್ಬಿಣ, ಮೇಲೆ ಒಂದು ಪದರ ಬೆಳ್ಳಿ. ನೋಡಿದ ತಕ್ಷಣ ಗೊತ್ತಾಗಲ್ವಾ ನನಗೆ?"

"ನಿಮಗೆ ಎಲ್ಲರೂ ನಿಮ್ಮ ಹಾಗೇ ಕಾಣ್ತಾರೆ."

"ಹಾಗಂದ್ರೆ?"

"ಏನಿಲ್ಲ. ಕೈಕಾಲು ತೊಳ್ಕೊಂಡು ಬನ್ನಿ."

ಆ ವಾರವಿಡೀ ಅವನು ಕಾರ್ಖಾನೆಯಲ್ಲಿ ಯಾವ ನಲ್ಲಿ ನೋಡಿದರೂ ಅದರಲ್ಲಿ ಷಡ್ಡಕನ ಹಲ್ಲು ಹೊಳೆದಂತಾಯಿತು. ಶನಿವಾರ ಸಂಜೆ ಅವನ ಕಣ್ಣು ಹಗ್ಗದಲ್ಲಿ ನೇತಾಡುತ್ತಿದ್ದ ಆಯಸ್ಕಾಂತದ ಮೇಲೆ ಬಿತ್ತು. ಪ್ಲೇಟಿಂಗ್ ತೊಟ್ಟಿಗೆ ಸ್ಕ್ರೂ, ಬೋಲ್ಟು ಬಿದ್ದರೆ ಬಾವಿಗೆ ಬಿಂದಿಗೆ ಇಳಿಸಿದಂತೆ ಇಳಿಸಿ ಎತ್ತುವ, ಮುಷ್ಟಿಗಾತ್ರದ ಆಯಸ್ಕಾಂತ. ಕಬ್ಬಿಣವನ್ನು ಕಂಡರೆ ಬಿಡುವ ಜಾತಿಯಲ್ಲ. ಬೆಳ್ಳಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸತ್ಯವನ್ನು ಬಯಲಿಗೆಳೆಯಲು ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇಕೆ? ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಭಾನುವಾರ ಬಸ್ಸಿನಲ್ಲಿ ಆ ಪ್ರಾಮಾಣಿಕ ಸಾಕ್ಷಿ ಕಂಬವನ್ನು ಅಪ್ಪಿಕೊಂಡಿತು. ಚೀಲವನ್ನು ಕಿತ್ತುಕೊಳ್ಳುವಷ್ಟರಲ್ಲಿ ಇಳಿಯಬೇಕಾದ ಸ್ಟಾಪು ದಾಟಿ, ಇನ್ನೂ ಒಂದು ದಾಟಿತ್ತು. "ಚೀಲದಲ್ಲಿ ಏನಿದೆ ರೀ?" ಎಂದು ಹೆಂಡತಿ ಬಿಸಿಲಲ್ಲಿ ವಾಪಸು ನಡೆಯುತ್ತಾ ನಾಲ್ಕು ಸಲ ಕೇಳಿದಳು. ಅವನು ನಾಲ್ಕು ಸಲವೂ "ವಿಜ್ಞಾನ" ಎಂದ.

ಊಟ ಮುಗಿಯಿತು. ಷಡ್ಡಕ ಇಂದೂ ಕೈಯಿರುವ ಕುರ್ಚಿಯಲ್ಲೇ ಇದ್ದ. ಮೇಜಿನ ನಡುವೆ ತಟ್ಟೆ ಪೂರ್ಣಚಂದ್ರನಂತೆ ಬೆಳಗುತ್ತಿತ್ತು. ಪಕ್ಕದಲ್ಲಿ ಅತ್ತೆಯ ಬೆಳ್ಳಿ ಲೋಟದ ತುಂಬ ಬಿಸಿ ಹಾಲು. ಹಿರಿಯಳಿಯ ಸ್ಟೂಲಿನಿಂದ ಎದ್ದು ಗಂಟಲು ಸರಿಮಾಡಿಕೊಂಡ.

"ಅತ್ತೆ, ಸುಮ್ನೆ ಮನರಂಜನೆಗೆ ಒಂದು ಸಣ್ಣ ಪ್ರಯೋಗ. ಕಬ್ಬಿಣಕ್ಕೆ ಆಯಸ್ಕಾಂತ ಹಿಡಿಯತ್ತೆ, ಬೆಳ್ಳಿಗೆ ಹಿಡಿಯಲ್ಲ."

"ಅಯ್ಯೋ ರಾಮ," ಎಂದಳು ಹೆಂಡತಿ.

ಆಯಸ್ಕಾಂತವನ್ನು ತಟ್ಟೆಯ ಮೇಲಿಟ್ಟು ಎತ್ತಿದ. ತಟ್ಟೆ ಇದ್ದಲ್ಲೇ ಇತ್ತು. ಮತ್ತೊಮ್ಮೆ ಒತ್ತಿ ಎತ್ತಿದ. ಇಲ್ಲ.

"ಹಿತ್ತಾಳೆ ಇರಬಹುದು," ಎಂದ ಬೆವರುತ್ತಾ. "ಹಿತ್ತಾಳೆಗೂ ಆಯಸ್ಕಾಂತ ಹಿಡಿಯಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ಲೋಹಗಳಲ್ಲೆಲ್ಲ ಶಾಖವನ್ನ ಬೆಳ್ಳಿಯಷ್ಟು ಬೇಗ ಹರಿಸೋದು ಬೇರೆ ಇಲ್ಲ. ಬೆಳ್ಳಿ ಮೇಲೆ ಐಸ್ ಇಟ್ರೆ ನೋಡ್ತಾ ನೋಡ್ತಾ ಕರಗತ್ತೆ. ಹಿತ್ತಾಳೆ ಮೇಲಾದ್ರೆ ಆರಾಮಾಗಿ ಕೂತಿರತ್ತೆ."

ನಾದಿನಿ ಫ್ರಿಜ್ಜಿನಿಂದ ಐಸ್ ತಂದಳು. ತಟ್ಟೆಯ ಮೇಲಿಟ್ಟದ್ದೇ ತಡ, ಅದು ನಾಚಿಕೊಂಡಂತೆ ಕರಗಿ ನೀರಾಯಿತು.

ಷಡ್ಡಕ ಚಪ್ಪಾಳೆ ತಟ್ಟಿದ. "ಅಣ್ಣಾ, ಎಷ್ಟು ಚೆನ್ನಾಗಿ ಹೇಳ್ಕೊಟ್ರಿ! ನೀವು ಕಾಲೇಜಲ್ಲಿ ಪಾಠ ಮಾಡ್ಬೇಕಿತ್ತು. ಅಂಗಡಿಯವನು ಮೋಸ ಮಾಡಿದ್ನೋ ಏನೋ ಅಂತ ನನಗೂ ಅಳುಕಿತ್ತು. ಈಗ ನಿಶ್ಚಿಂತೆ!"

ಅವನು ನಿಜವಾಗಿ ಹೇಳುತ್ತಿದ್ದ. ಹಿರಿಯಳಿಯನಿಗೆ ಅಳುವುದೊಂದು ಬಾಕಿ. ಬೇಸತ್ತು ಆಯಸ್ಕಾಂತವನ್ನು ಮೇಜಿನ ಮೇಲೆ ಕುಕ್ಕಿದ.

ಟಕ್!

ಅತ್ತೆಯ ಲೋಟ ಹಾಲು ಚೆಲ್ಲುತ್ತಾ ಓಡಿಬಂದು ಆಯಸ್ಕಾಂತವನ್ನು ತಬ್ಬಿಕೊಂಡಿತು.

ಹಿರಿಯಳಿಯನಿಗೆ ಆಗ ಎಲ್ಲವೂ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಗ್ಗದ ಸ್ಟೀಲ್ ಲೋಟವೊಂದನ್ನು ತಾನೇ ತೊಟ್ಟಿಗೆ ಇಳಿಸಿ, ಬೆಳ್ಳಿ ಲೇಪ ಹಾಕಿ, ಬಟ್ಟೆಯಲ್ಲಿ ತಿಕ್ಕಿದ್ದು. ಮರೆತಿದ್ದ ಎಂದರೆ ಸುಳ್ಳಲ್ಲ. ಪ್ರತಿ ಭಾನುವಾರ "ನಮ್ಮ ಅಳಿಯ ಕೊಟ್ಟ ಬೆಳ್ಳಿ ಲೋಟ" ಎಂದು ಕೇಳಿ ಕೇಳಿ ಅವನೂ ನಂಬಿಬಿಟ್ಟಿದ್ದ. ಈಗ ಎರಡೂ ಕೈಯಲ್ಲಿ ಎಳೆದ. ಬರಲಿಲ್ಲ. ಮೊಣಕಾಲು ಮೇಜಿಗೆ ಒತ್ತಿ ಎಳೆದ. ಆಗಲೂ ಬರಲಿಲ್ಲ.

"ಲೋಟದೊಳಗೆ ಸೂಜಿ ಗೀಜಿ ಬಿದ್ದಿರಬೇಕು ಅಣ್ಣಾ," ಎಂದ ಷಡ್ಡಕ ಮೆಲ್ಲಗೆ. ಅವನ ಕರುಣೆಗೆ ಹಿರಿಯಳಿಯನ ಮೈಯೆಲ್ಲ ಉರಿದುಹೋಯಿತು.

ಅತ್ತೆ ಮಾತ್ರ ನಗುತ್ತಾ ಹಾಲು ಒರೆಸುತ್ತಿದ್ದರು. "ಬಿಡಿ ಅಳಿಯಂದ್ರೇ, ನನಗೆ ಯಾವತ್ತೋ ಗೊತ್ತು. ಇಂಡಕ್ಷನ್ ಒಲೆ ತಂದಾಗ ಅಂಗಡಿಯವನು ಹೇಳಿದ್ದ, ಬೆಳ್ಳಿ, ತಾಮ್ರ, ಹಿತ್ತಾಳೆ ಯಾವುದೂ ಇದರ ಮೇಲೆ ಬಿಸಿಯಾಗಲ್ಲ, ಆಯಸ್ಕಾಂತ ಹಿಡಿಯೋದು ಮಾತ್ರ ಆಗತ್ತೆ ಅಂತ. ಒಂದಿನ ಮರೆತು ನಿಮ್ಮ ಲೋಟದಲ್ಲೇ ಹಾಲಿಟ್ಟೆ. ಉಕ್ಕೇ ಬಿಡ್ತು!"

"ಮತ್ಯಾಕೆ ಹೇಳಲಿಲ್ಲ?" ಎಂದ ಅವನು ಕೀರಲು ದನಿಯಲ್ಲಿ.

"ಯಾಕೆ ಹೇಳ್ಲಿ? ನಿಜವಾದ ಬೆಳ್ಳಿ ಆಗಿದ್ರೆ ಬೀರುವಿಗೆ ಹೋಗ್ತಿತ್ತು. ಈ ತಟ್ಟೇನೂ ನಾಳೆಯಿಂದ ಬೀರೂಗೇ. ಇದಾದ್ರೆ ದಿನಾ ಎರಡು ಹೊತ್ತು ಕೈಯಲ್ಲಿರತ್ತೆ. ಬನ್ನಿ, ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ."

ಷಡ್ಡಕ ತಕ್ಷಣ ಎದ್ದು ಜಾಗ ಬಿಟ್ಟ. ಹಿರಿಯಳಿಯ ಕೈಯಿರುವ ಕುರ್ಚಿಯಲ್ಲಿ ಕುಳಿತ. ಎಂಟು ದಿನದ ಉರಿ ಒಂದೇ ಗುಟುಕಿಗೆ ಆರಿದಂತಾಯಿತು. ತಟ್ಟೆ ಬೀರುವಿಗೆ, ಲೋಟ ಕೈಗೆ! ಮೀಸೆ ಸವರಿಕೊಂಡು ಷಡ್ಡಕನ ಕಡೆ ಒಂದು ಉದಾರ ನೋಟ ಬೀರಿದ.

"ರೀ," ಎಂದಳು ಹೆಂಡತಿ. "ಆ ಆಯಸ್ಕಾಂತ ಸ್ವಲ್ಪ ಈ ಕಡೆ ತಳ್ಳಿ."

ಅವಳು ಕೈಚೀಲದಿಂದ ಗುಳಿಗೆ ಡಬ್ಬಿ ತೆಗೆದಿದ್ದಳು. ಮದುವೆಯಾಗಿ ಹತ್ತು ವರ್ಷ ತುಂಬಿದಾಗ ಅವನು ಕೊಟ್ಟ ಬೆಳ್ಳಿ ಡಬ್ಬಿ. ತಂಗಿಯ ಕಣ್ಣಿಗೆ ಬೀಳಲೆಂದೇ ಪ್ರತಿ ಭಾನುವಾರ ತಲೆನೋವಿಲ್ಲದಿದ್ದರೂ ಮೇಜಿನ ಮೇಲೆ ತೆರೆಯುತ್ತಿದ್ದ ಡಬ್ಬಿ. ಹಿರಿಯಳಿಯ ಬೆರಳ ತುದಿಯಿಂದ ಆಯಸ್ಕಾಂತವನ್ನು ಅವಳತ್ತ ತಳ್ಳಿದ.

ಅವಳು ಡಬ್ಬಿಯನ್ನು ಆಯಸ್ಕಾಂತಕ್ಕೆ ತಾಗಿಸಿ ಎತ್ತಿದಳು. ಸಲೀಸಾಗಿ ಬಂತು. ಹಿಡಿಯಲಿಲ್ಲ.

"ನೋಡಿದೆಯಾ?" ಎಂದು ಹಿರಿಯಳಿಯ ಉಸಿರುಬಿಟ್ಟ. "ಅನುಮಾನ ಒಳ್ಳೇದಲ್ಲ ಕಣೇ."

"ಹಿತ್ತಾಳೆಗೂ ಹಿಡಿಯಲ್ಲ ಅಂದ್ರಲ್ಲ ಈಗ ತಾನೆ," ಎಂದಳು ಅವಳು ಶಾಂತವಾಗಿ. ಎದ್ದು ಫ್ರಿಜ್ಜಿನ ಬಾಗಿಲು ತೆಗೆದಳು.

ಎರಡು ಐಸ್ ತುಂಡು ಬಂದವು. ಒಂದನ್ನು ತಟ್ಟೆಯ ಮೇಲಿಟ್ಟಳು, ಇನ್ನೊಂದನ್ನು ಡಬ್ಬಿಯ ಮುಚ್ಚಳದ ಮೇಲೆ. ತಟ್ಟೆಯ ಮೇಲಿನದು ನೀರಾಗಿ ಹರಿಯಿತು. ಮುಚ್ಚಳದ ಮೇಲಿನದು ಮೂಲೆ ಕೂಡ ಸವೆಯದೆ ಆರಾಮಾಗಿ ಕೂತಿತ್ತು. ಷಡ್ಡಕ ಬಗ್ಗಿ, ಯಾರಿಗೂ ಕಾಣದಂತೆ, ಅದರ ಮೇಲೆ ಬಿಸಿ ಉಸಿರು ಬಿಡತೊಡಗಿದ.

"ನೀವು ಊದಬೇಡಿ," ಎಂದಳು ಅವಳು. ಆಮೇಲೆ ಗಂಡನ ಕಡೆ ತಿರುಗಿದಳು. "ಅವಸರ ಏನಿಲ್ಲ. ಅದು ಕರಗೋ ತನಕ ನಾನು ನೋಡ್ತಾ ಕೂತಿರ್ತೀನಿ. ಏಳಿ, ಆ ಕುರ್ಚಿ ಬಿಡಿ."

ಹಿರಿಯಳಿಯ ಎದ್ದು ಹೋಗಿ ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತ.