ಅಂಗೈಯಲ್ಲಿ ಬಾಣ, ಆಕಾಶದಲ್ಲಿ ಚೆಕ್ಕುಬಂದಿ

ಕೆಲವರ ಮನೆ ಹುಡುಕಿಕೊಂಡು ನೆಂಟರು ಬರುತ್ತಾರೆ, ಕೆಲವರ ಮನೆಗೆ ಜಗಳ ಬರುತ್ತದೆ. ನನ್ನನ್ನು ಹುಡುಕಿಕೊಂಡು ಬರುವುದು ನಗೆಪಾಟಲು. ಕರೆಯಬೇಕಾಗಿಲ್ಲ, ಗುರುತು ಹೇಳಬೇಕಾಗಿಲ್ಲ. ಈಚೆಗಂತೂ ಅದು ಆಕಾಶದಿಂದಲೇ ಇಳಿದು ಬಂತು.

ನನ್ನ ಮೊಮ್ಮಗಳ ಕೆಲಸ ಕೇಳಿದರೆ ನೀವು ನಂಬಲಿಕ್ಕಿಲ್ಲ. ಹೆಂಗಸರ ಗುಂಪು ಕಟ್ಟಿಕೊಂಡು ರಸ್ತೆ ಇಲ್ಲದ, ಫೋನು ಹತ್ತದ ಜಾಗಗಳಿಗೆ ಹೋಗುತ್ತಾಳೆ. ಹೋದಷ್ಟೇ ಜನರನ್ನು ತಲೆ ಎಣಿಸಿ ವಾಪಸ್ ಕರೆತರುತ್ತಾಳೆ. ಮರಳುಗಾಡು ಆಯಿತು, ಹಿಮದ ಬೆಟ್ಟ ಆಯಿತು. ಕೈಯಲ್ಲಿ ಬಟ್ಟೆ ಸೋಪಿನ ಬಿಲ್ಲೆಯಷ್ಟು ದಪ್ಪದ ಒಂದು ಯಂತ್ರ. ಮೇಲೆ ತಿರುಗುವ ಉಪಗ್ರಹಗಳು ಅದಕ್ಕೆ ಹೇಳುತ್ತವೆ, ಅದು ಇವಳಿಗೆ ಹೇಳುತ್ತದೆ. "ಅಜ್ಜಿ, ಈ ಸಲ ಹಿಮದ ಬೆಟ್ಟಕ್ಕೆ ನೀನೂ ಬಾ," ಅಂದಳು. ನನ್ನ ಆಯುಷ್ಯದಲ್ಲಿ ಅಷ್ಟು ದೂರಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಅಂತ ತಕ್ಷಣ ಹೂಂ ಅಂದೆ.

ಅವಳಪ್ಪ, ಅಂದರೆ ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಮಗ, ಕಣ್ಣು ಕೆಕ್ಕರಿಸಿದ. "ಸೊರಬಕ್ಕೆ ಅಂತ ಹೊರಟು ಹೊನ್ನಾಳಿ ಬಸ್ ಹತ್ತಿದವಳು ನೀನು. ಹಿಮಾಲಯದಲ್ಲಿ ನಿನ್ನ ಎಲ್ಲಿ ಹುಡುಕೋದು?" ಅಂದ. ನಾನೂ ಬಿಡಲಿಲ್ಲ, ಅವನೂ ಬಿಡಲಿಲ್ಲ. ಕೊನೆಗೆ ಒಂದು ಕರಾರು ಹಾಕಿದ: "ಆ ಯಂತ್ರ ಹಿಡ್ಕೊಂಡು ಒಬ್ಬಳೇ ನಾನು ಹೇಳಿದ ಕಾಡು ದಾಟಿ ತೋರಿಸು. ದಾರಿ ತಪ್ಪಿದೆಯೋ, ಬೆಟ್ಟನೂ ಇಲ್ಲ, ಗಿಟ್ಟನೂ ಇಲ್ಲ."

ಅವತ್ತಿನಿಂದಲೇ ನನ್ನ ಪಾಠ ಶುರುವಾಯಿತು.

೧. ನಾಲ್ಕು ಕಡೆಯವರು

ಮೊಮ್ಮಗಳು ಹೇಳಿಕೊಡುವ ಚಂದ ನೋಡಬೇಕು. ನನಗೆ ಅಕ್ಷರ ಬರುವುದಿಲ್ಲ ಅಂತ ಒಂದು ದಿನವೂ ದನಿ ಏರಿಸಲಿಲ್ಲ. "ಓದೋದು ಬೇಡ ಅಜ್ಜಿ, ಪರದೆ ಮೇಲಿನ ಬಾಣ ನೋಡು ಸಾಕು. ಮೇಲೆ ಕಡಿಮೆ ಅಂದ್ರೂ ನಾಲ್ಕು ಉಪಗ್ರಹ ಸಿಗಬೇಕು. ನಾಲ್ಕೂ ಸೇರಿ, ನೀನು ನಿಂತಿರೋದು ಇದೇ ಜಾಗ ಅಂತ ಗೊತ್ತು ಮಾಡ್ತವೆ."

"ಅಷ್ಟೇನಾ? ಚೆಕ್ಕುಬಂದಿ ಅನ್ನು ಮತ್ತೆ!" ಅಂದೆ.

ಹೊಲದ ಪತ್ರದಲ್ಲಿ ಬರೆದಿರುತ್ತಾರಲ್ಲ, ಮೂಡಲಿಗೆ ಇಂಥವರ ಗದ್ದೆ, ಪಡುವಲಿಗೆ ಹಳ್ಳ, ಬಡಗಲಿಗೆ ಬಂಡಿದಾರಿ, ತೆಂಕಲಿಗೆ ಗೋಮಾಳ ಅಂತ. ನಾಲ್ಕು ಕಡೆ ಹೇಳಿಬಿಟ್ಟರೆ ನಡುವೆ ಉಳಿದದ್ದು ನಮ್ಮದು. ಆಕಾಶದವರೂ ಅದನ್ನೇ ಮಾಡುತ್ತಿದ್ದಾರೆ, ಕಾಗದ ಒಂದಿಲ್ಲ ಅಷ್ಟೆ. ಯಾರು ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ.

ಮೊಮ್ಮಗಳು ಬಾಯಿ ತೆರೆದು ನನ್ನನ್ನೇ ನೋಡಿದಳು. "ಇಷ್ಟು ಸಲೀಸಾಗಿ ನನಗೂ ಯಾರೂ ಹೇಳಿಕೊಡಲಿಲ್ಲ ಅಜ್ಜಿ."

"ಒಂದೇ ಅನುಮಾನ ಮಗಾ. ಆ ನಾಲ್ಕು ಜನ ತಕರಾರಿಲ್ಲದೆ ಒಪ್ಪುತ್ತಾರಾ?"

"ಒಪ್ತಾರೆ."

"ಹಂಗಾದ್ರೆ ಅವರು ನಮ್ಮ ತಾಲೂಕಿನವರಲ್ಲ ಬಿಡು."

೨. ಉಡುತಡಿಯ ಪಾಯಿಂಟು

ಮೊದಲ ಅಭ್ಯಾಸ ಉಡುತಡಿಯ ಬಯಲಿನಲ್ಲಿ. ಮೊಮ್ಮಗಳು ದೂರದ ಒಂದು ಹುಣಸೆಮರದ ಜಾಗವನ್ನು ಯಂತ್ರಕ್ಕೆ ತುಂಬಿಸಿ, "ಹೋಗು," ಅಂದು ತಾನು ಬದುವಿನ ಮೇಲೆ ಕೂತಳು. ಆ ಯಂತ್ರದ ಗುಣ ಹೇಗೆ ಅಂದರೆ, ನಡೆಯುತ್ತಿದ್ದರೆ ಬಾಣ ನೆಟ್ಟಗೆ ತೋರಿಸುತ್ತದೆ, ನಿಂತರೆ ಮನಸ್ಸಿಗೆ ಬಂದ ಹಾಗೆ ತಿರುಗುತ್ತದೆ. ಕೂತವರಿಗೆ ದಾರಿ ಹೇಳುವುದಿಲ್ಲ. ನನಗೆ ಬಹಳ ಹಿಡಿಸಿದ ಗುಣ ಅದು.

ನಾನು ಅಂಗೈ ಚಾಚಿ, ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ಬಾಣ ಗಿರಗಿರ ತಿರುಗಿದರೆ ಮತ್ತೆ ನಾಲ್ಕು ಹೆಜ್ಜೆ ಇಡುವುದು, ಹೀಗೆ ಸಾಗಿದ್ದೆ. ಜೋಳದ ಹೊಲದಲ್ಲಿದ್ದ ಒಬ್ಬ ರೈತ ಸಲಿಕೆ ಅಲ್ಲೇ ಬಿಟ್ಟು, ಚಪ್ಪಲಿ ಕಳಚಿ, ಭಕ್ತಿಯಿಂದ ನನ್ನ ಹಿಂದೆಯೇ ಬಂದ.

"ಅಮ್ಮಾರೆ, ತೆಂಗಿನಕಾಯಿ ಹಿಡಿದು ನೋಡೋರನ್ನ ಕಂಡಿದ್ದೆ. ಇದು ಹೊಸಾದೇನ್ರೀ?"

ಬೋರ್‌ವೆಲ್‌ಗೆ ನೀರು ಹುಡುಕುವವಳು ಅಂದುಕೊಂಡಿದ್ದಾನೆ!

"ನೀರಿಗಲ್ಲಪ್ಪ, ದಾರಿಗೆ. ಹಿಮಾಲಯಕ್ಕೆ ಹೋಗ್ಬೇಕು ಅಂತ ಕಲೀತಿದೀನಿ."

ಅವನು ತನ್ನ ಜೋಳದ ಕಡೆ ಕೈ ತೋರಿಸಿದ. "ಅಲ್ಲಿ ಹೆಂಗೂ ನೀರು ಐತಲ್ರೀ. ಅಷ್ಟು ದೂರ ಯಾಕೆ, ನಮ್ಮ ಹೊಲದಾಗೇ ಒಂದು ಪಾಯಿಂಟ್ ನೋಡ್ರಿ."

೩. ಹಕ್ಕಿಯ ದಾರಿ

ಎರಡನೇ ಅಭ್ಯಾಸ ಗುಡವಿಯಲ್ಲಿ, ಹಕ್ಕಿಗಳ ಕೆರೆಯ ಹತ್ತಿರ. ಅವತ್ತು ಬೆಳಿಗ್ಗೆ ಮಂಜು ಎಂಥದ್ದು ಅಂತೀರಿ! ನನ್ನ ಕೈ ನನಗೇ ಕಾಣದು. ಜೀಪು ಎಲ್ಲಿ ನಿಲ್ಲಿಸಿದ್ದೆವು ಅಂತ ಮೊಮ್ಮಗಳ ಗುಂಪಿನ ಯಾರಿಗೂ ತಿಳಿಯಲಿಲ್ಲ. ಇವಳೊಬ್ಬಳೇ ಒಂದಿಷ್ಟೂ ಗಾಬರಿಯಾಗದೆ, ಜೀಪಿನ ಜಾಗ ಮೊದಲೇ ತುಂಬಿಸಿಟ್ಟಿದ್ದ ಯಂತ್ರ ನನ್ನ ಕೈಗಿಟ್ಟು, "ಎಲ್ಲರನ್ನೂ ಕರ್ಕೊಂಡು ಹೋಗಜ್ಜಿ," ಅಂದಳು. ಎಂಟು ಜನ ಹೆಂಗಸರು ನನ್ನ ಬೆನ್ನಿಗೆ. ಮದುವೆ ದಿಬ್ಬಣಕ್ಕೂ ನಾನು ಹಾಗೆ ಮುಂದೆ ನಡೆದಿರಲಿಲ್ಲ.

ಬಾಣ ತೋರಿಸಿದ ಕಡೆ ನಡೆದೆ. ಹುಲ್ಲು ಬಂತು, ಕೆಸರು ಬಂತು. ಆಮೇಲೆ ಕಾಲಿಗೆ ತಣ್ಣಗಾಯಿತು. ಬಾಣ ಇನ್ನೂ ಮುಂದಕ್ಕೇ ತೋರಿಸುತ್ತಿದೆ! ಆಕಾಶದವರು ಸುಳ್ಳು ಹೇಳುತ್ತಾರೆಯೇ? ಸೀರೆ ಎತ್ತಿ ಕಟ್ಟಿದೆ. ಮೊಣಕಾಲು ಮುಳುಗುವಾಗ ಮೊಮ್ಮಗಳು ಹಿಂದಿನಿಂದ ಓಡಿ ಬಂದು ರಟ್ಟೆ ಹಿಡಿದಳು.

"ಅಜ್ಜೀ, ಬಾಣ ಹೇಳೋದು ದಿಕ್ಕು ಮಾತ್ರ. ದಾರಿ ನಮ್ಮ ಕಣ್ಣೇ ಹುಡುಕಬೇಕು. ಅದು ತೋರಿಸ್ತಿರೋದು ಹಕ್ಕಿ ಹಾರೋ ದಾರಿ!"

ಅಷ್ಟರಲ್ಲಿ ಮಂಜಿನೊಳಗಿಂದ ಕಾವಲುಗಾರ ಕೂಗಿದ: "ಯಾರ್ರೀ ಅದು ಕೆರೇಲಿ? ಹಕ್ಕಿಗಳಿಗೆ ಬಿಟ್ರೆ ಇನ್ಯಾರಿಗೂ ಪರ್ಮಿಷನ್ ಇಲ್ಲ! ಹೆಂಗಸರಾಗಿದ್ರೆ ಮೇಲೆ ಬನ್ನಿ, ಹಕ್ಕಿಯಾಗಿದ್ರೆ ಅಲ್ಲೇ ಇರಿ!"

೪. ಯಂತ್ರ ಎಳೆದ ಗೆರೆ

ಪರೀಕ್ಷೆಯ ದಿನ ಬಂತು. ಸೊರಬದ ಕಡೆಯ ಒಂದು ಕಾಡು. ಈ ಬದಿಯಲ್ಲಿ ಮಗ ನನ್ನನ್ನು ಇಳಿಸಿದ. ಆ ಬದಿಯಲ್ಲಿ ಜೀಪು ನಿಲ್ಲಿಸಿಕೊಂಡು ಅವನು, ಸೊಸೆ, ಮೊಮ್ಮಗಳು ಕಾಯುವುದು ಅಂತ ಮಾತು. ಬುತ್ತಿ ಕಟ್ಟಿಕೊಂಡು, ಶಿವನ ನೆನೆದು ಹೊರಟೆ.

ಆ ಪುಟ್ಟ ಯಂತ್ರದ ನಿಯತ್ತು ದೊಡ್ಡದು. ಬಿದಿರು ಮೆಳೆ ಅಡ್ಡ ಬಂದರೆ ಬಳಸಿದೆ, ಹಳ್ಳ ಬಂದರೆ ಕಲ್ಲು ನೋಡಿ ದಾಟಿದೆ, ಬಾಣ ಮತ್ತೆ ಸಮಾಧಾನವಾಗಿ ಸರಿಯಾದ ಕಡೆಗೇ ತಿರುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮರಗಳ ಸಂದಿಯಲ್ಲಿ ಜೀಪು ಕಂಡಾಗ ಮೊಮ್ಮಗಳು ಓಡಿ ಬಂದು ತಬ್ಬಿಕೊಂಡಳು. "ನನ್ನ ಗುಂಪಿನಲ್ಲೇ ಎಷ್ಟೋ ಜನಕ್ಕೆ ಆಗಲ್ಲ ಇದು!" ಅಂದಳು.

ಮಗ ಮಾತ್ರ, "ತಡ ಆಯ್ತಲ್ಲ? ಯಂತ್ರ ಕೊಡು," ಅಂದ.

ನಾವು ನಡೆದ ಹೆಜ್ಜೆಯನ್ನೆಲ್ಲ ಯಂತ್ರ ಒಳಗೊಳಗೇ ಗೆರೆ ಎಳೆದು ಇಟ್ಟುಕೊಳ್ಳುತ್ತದಂತೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಮಗ ಗೆರೆ ನೋಡುತ್ತಾ ನೋಡುತ್ತಾ ಮುಖ ಅರಳಿಸಿದ. "ಸಿಕ್ಕಿಬಿದ್ದೆ! ಇಲ್ಲಿ ನೋಡು. ಸುತ್ತು ಹೊಡೆದಿದೀಯ, ಅರ್ಧಕ್ಕೆ ತಿರುಗಿದೀಯ, ವಾಪಸ್ ಬಂದು ಆ ಕಡೆಯಿಂದ ಹೋಗಿದೀಯ, ಮತ್ತೆ ಅರ್ಧಕ್ಕೆ ತಿರುಗಿದೀಯ. ಹೀಗೆ ಮೂರು ಸಲ! ದಾರಿ ತಪ್ಪಿದವರ ಲಕ್ಷಣ ಇದಲ್ಲದೆ ಇನ್ನೇನು?"

ಮೊಮ್ಮಗಳ ಮುಖ ಬಾಡಿತು. ಹಿಮದ ಬೆಟ್ಟ ನನ್ನ ಕಣ್ಣೆದುರೇ ಕರಗಿತು. ಆಮೇಲೆ ಎಲ್ಲಿ ಸುತ್ತಿದ್ದೆ ಅಂತ ಹೊಳೆಯಿತು ನೋಡಿ.

"ಲೋ, ಅಲ್ಲೊಂದು ಹಳೇ ಈಶ್ವರನ ಗುಡಿ ಐತೆ, ಅರ್ಧ ಬಿದ್ದಿದೆ. ದೇವರು ಕಂಡ ಮೇಲೆ ಸುತ್ತು ಬರದೆ ಹೋಗ್ಲಾ?"

"ಸುತ್ತು ಬರೋರು ಪೂರ್ತಿ ಸುತ್ತುತಾರೆ. ಅರ್ಧಕ್ಕೆ ಯಾಕೆ ತಿರುಗಿದೆ?"

"ಈಶ್ವರನ ಅಭಿಷೇಕದ ನೀರು ಹರಿಯೋ ಜಾಗ ದಾಟಬಾರದು, ಅಲ್ಲಿವರೆಗೆ ಹೋಗಿ ತಿರುಗಬೇಕು ಅಂತ ನಿಂಗೆ ಗೊತ್ತಿಲ್ವೇನೋ? ದಾರಿ ತಪ್ಪಿದ್ದು ನಾನಲ್ಲ, ನೀನು!"

ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ಮಗ ಸೋಲೊಪ್ಪಲಿಲ್ಲ, ಗೆರೆಯ ಮೇಲೆ ಬೆರಳಿಟ್ಟ. "ಸರಿ, ಅದಾಯ್ತು. ಆ ಗುಡಿ ಮುಂದೆ ಮುಕ್ಕಾಲು ಗಂಟೆ ನಿಂತಲ್ಲೇ ನಿಂತಿದೀಯ. ದಿಕ್ಕು ತೋಚದೆ ತಾನೇ?"

"ನನ್ನ ಮಗನಿಗೆ ಒಳ್ಳೆ ಬುದ್ಧಿ ಕೊಡಪ್ಪ ಅಂತ ಬೇಡ್ಕೊಳ್ತಿದ್ದೆ. ಸಣ್ಣ ಕೆಲಸವೇನೋ ಅದು? ಅಷ್ಟು ಹೊತ್ತು ಹಿಡೀತು."

ಮಗ ಯಂತ್ರವನ್ನು ಜೀಪಿನ ಮೇಲಿಟ್ಟು, ನಗು ತಡೆಯಲಾರದೆ ಕೈ ಮುಗಿದ. "ಹೋಗಿ ಬಾರಮ್ಮ. ಹಿಮಾಲಯಕ್ಕಾದ್ರೂ ಹೋಗು, ಅದರ ಆಚೆಗಾದ್ರೂ ಹೋಗು."

ಸೊಸೆ ಮೆಲ್ಲಗೆ ಮಗಳ ಹತ್ತಿರ ಸರಿದಳು. "ಆ ಗುಡಿ ಇರೋ ಜಾಗನ ನನ್ನ ಫೋನಿಗೂ ಹಾಕಿಕೊಡೇ. ನಾನೂ ಹೋಗಿ ಒಂದು ಗಂಟೆ ನಿಂತು ಬರ್ತೀನಿ."